ಮೂರು ಗುಂಟೆಯಲ್ಲಿ ಒಂದು ಡಬ್ಬಿ

ಕೀಲಿಕೈ ಎಲ್ಲಿಟ್ಟೆನೆಂದು ನೆನಪಾಗದೆ ಇಡೀ ಮನೆ ತಲೆಕೆಳಗು ಮಾಡಿದ ಅನುಭವ ನಿಮಗೂ ಇರಬಹುದು. ಆದರೆ ಯಾರೋ ಬೇಕೆಂದೇ ಅಡಗಿಸಿಟ್ಟದ್ದನ್ನು, ಅದೂ ಸುಡುಬಿಸಿಲಿನಲ್ಲಿ, ಎರಡು ತಾಸು ಹುಡುಕಿದ್ದೀರಾ? ಕಳೆದ ಬೇಸಿಗೆ ರಜೆಯಲ್ಲಿ ನನಗೆ ಆ ಯೋಗ ಬಂತು.

ನನ್ನ ತವರು ನಿಡಸೋಸಿ. ಹುಕ್ಕೇರಿ ತಾಲೂಕಿನಲ್ಲಿ, ಸಂಕೇಶ್ವರದ ಪಕ್ಕದಲ್ಲಿದೆ. ದುರದುಂಡೀಶ್ವರ ಮಠದ ಊರು ಎಂದರೆ ಬೆಳಗಾವಿ ಕಡೆಯವರಿಗೆ ಕೂಡಲೇ ತಿಳಿಯುತ್ತದೆ. ವಿದೇಶದಲ್ಲಿ ಕೆಲಸ ಮಾಡುವ ಅಣ್ಣನ ಮಗ ರಜೆಗೆ ಬಂದಿದ್ದ. ಅವನಿಗೆ ಅಲ್ಲಿ ಜಿಯೋಕ್ಯಾಚಿಂಗ್ ಎಂಬ ಆಟದ ಹುಚ್ಚು ಹಿಡಿದಿದೆ. ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ತಿಳಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹೋಗಿ ಹುಡುಕಬೇಕು. ಸಿಕ್ಕರೆ ಒಳಗಿರುವ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಒಳಗೆ ಸಣ್ಣಪುಟ್ಟ ಸಾಮಾನಿದ್ದರೆ ಒಂದನ್ನು ತೆಗೆದುಕೊಂಡು ನಮ್ಮದೊಂದನ್ನು ಇಡಬಹುದು.

“ಫುಪ್ಪಿ, ಮಕ್ಕಳಿಗಾಗಿ ನಮ್ಮ ಹೊಲದಲ್ಲೇ ಒಂದು ಇಟ್ಟಿದ್ದೇನೆ. ಬಹಳ ಸುಲಭ” ಎಂದು ಅಂಕಿಗಳನ್ನು ಬರೆದ ಚೀಟಿ ಕೊಟ್ಟ. ನನ್ನ ಒಂಬತ್ತು ವರ್ಷದ ಮಗಳು ಬದಲಿಗೆ ಇಡಲೆಂದು ತನ್ನ ಚಿಟ್ಟೆಯ ಹೇರ್‌ಕ್ಲಿಪ್ಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೊರಟಳು.

ಮೊಬೈಲು ನಮ್ಮನ್ನು ಕಬ್ಬಿನ ಹೊಲದ ಅಂಚಿನ ಹುಣಸೆಮರದವರೆಗೆ ತಂದು ನಿಲ್ಲಿಸಿತು. ಅಲ್ಲಿಂದ ಮುಂದೆ ಅದಕ್ಕೂ ಗೊತ್ತಿಲ್ಲ! ಬಯಲಿನಲ್ಲೇ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ, ಮರದಡಿ ಇನ್ನೂ ಹೆಚ್ಚು. ಇಟ್ಟವನ ಲೆಕ್ಕದಲ್ಲಿ 5 ಮೀಟರ್, ಹುಡುಕುವವರ ಲೆಕ್ಕದಲ್ಲಿ 5 ಮೀಟರ್ ತಪ್ಪಿದರೆ ಹತ್ತಾಯಿತು. ಸುತ್ತಲೂ ಹತ್ತು ಮೀಟರ್ ಎಂದರೆ ಮೂರು ಗುಂಟೆ ಜಾಗ. ನಮ್ಮಲ್ಲಿ ಅಷ್ಟರಲ್ಲಿ ಒಂದು ಮನೆಯನ್ನೇ ಕಟ್ಟಿ ಹಿತ್ತಿಲನ್ನೂ ಬಿಡುತ್ತಾರೆ.

ಬೇರಿನ ಸಂದು, ಬದುವಿನ ಕಲ್ಲು, ಪೊಟರೆ ಎಲ್ಲವನ್ನೂ ನೋಡಿದೆವು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಿಂತು, “ಏನ್ ಕಳದೈತ್ರಿ ಅಕ್ಕಾರ? ಬಂಗಾರದ್ದೇನು?” ಎಂದರು. ಏನೆಂದು ಹೇಳಲಿ? ಡಬ್ಬಿ ಎಂದೆ. ಪಾಪ, ಅವರೂ ಬಗ್ಗಿ ಹುಡುಕತೊಡಗಿದರು. ಮಕ್ಕಳು ಮಣ್ಣು ಕೆದರಲು ಶುರು ಮಾಡಿದಾಗ ನಾನೇ ತಡೆದೆ. ಹೂತಿಡಬಾರದೆಂಬುದು ಈ ಆಟದ ನಿಯಮವಂತೆ.

ಕೊನೆಗೆ ಮಗಳು ಮೆಲ್ಲಗೆ, “ಅಮ್ಮೀ, ನನಗೆ ಹುಡುಕಲು ಬರುವುದಿಲ್ಲ, ಅಲ್ವಾ?” ಎಂದಳು. ಬಿಸಿಲಿಗಿಂತ ಈ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಡಬ್ಬಿ ಸಿಗಲಿಲ್ಲ ಎಂದು ಅವಳು ಹೇಳಲಿಲ್ಲ ನೋಡಿ.

ಅಣ್ಣನ ಮಗನನ್ನು ಕರೆಸಿದೆ. ಅವನು ನಗುತ್ತಾ ಬಂದು, ಮರದಡಿ ವರ್ಷಗಳಿಂದ ಬಿದ್ದಿರುವ ಮುರುಕಲು ಚಕ್ಕಡಿಯ ಕಬ್ಬಿಣದ ಅಚ್ಚಿನ ಹಿಂದಿನಿಂದ ಏನನ್ನೋ ಕಿತ್ತು ತೋರಿಸಿದ. ಕಿರುಬೆರಳ ತುದಿಯಷ್ಟು ದೊಡ್ಡದು! ಅಡಿಯಲ್ಲಿ ಅಯಸ್ಕಾಂತ, ಮೇಲೆ ತುಕ್ಕಿನ ಬಣ್ಣ. ಮಗಳು ಅದನ್ನು ನೋಡಿದಳು, ತನ್ನ ಕ್ಲಿಪ್ಪನ್ನು ನೋಡಿದಳು. ಮತ್ತೆ ಕ್ಲಿಪ್ಪನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮನೆಯತ್ತ ನಡೆದಳು.

ಈ ಆಟ ಹುಟ್ಟಿದ್ದು ಹೀಗಲ್ಲ. ಜಿಪಿಎಸ್ ಸಂಕೇತದಲ್ಲಿ ಜನಸಾಮಾನ್ಯರಿಗೆಂದು ಬೆರೆಸುತ್ತಿದ್ದ ತಪ್ಪನ್ನು ಅಮೆರಿಕ ಸರ್ಕಾರ 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಡೇವ್ ಉಲ್ಮರ್ ಎಂಬವರು ಒರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಡಬ್ಬ ಇಟ್ಟು ಬಂದರು. ಎಷ್ಟು ದೊಡ್ಡದು ಅಂತೀರಿ? ಸುಮಾರು 19 ಲೀಟರಿನ ಬಕೆಟ್! ಒಳಗೆ ಕವಣೆ, ಪುಸ್ತಕ, ಸಿ.ಡಿ., ಒಂದು ಡಬ್ಬಿ ಹುರುಳಿಕಾಯಿ ಬೀಜ ಕೂಡ ಇತ್ತು. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬವರಿಗೆ ಅದು ಸಿಕ್ಕಿತು. ಸಿಗಲೆಂದೇ ಇಟ್ಟದ್ದು. ಅಂಥ ಬಕೆಟ್ ಈಗ ಬೆರಳ ತುದಿಗೆ ಬಂದು ನಿಂತಿದೆ.

ಪ್ರತಿ ಡಬ್ಬಿಗೂ ಅಡಗಿಸಿದವರೇ ಒಂದರಿಂದ ಐದರವರೆಗೆ ಕಷ್ಟದ ಅಂಕ ಕೊಡಬೇಕು, ದಾರಿಯ ಕಷ್ಟಕ್ಕೆ ಬೇರೆ ಅಂಕ. ಐದು ಎಂದರೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ ಎಂದು ಅರ್ಥ ಮಾಡಿಕೊಳ್ಳಬಹುದು. ಇವನು ಕೊಟ್ಟದ್ದು ಒಂದೂವರೆ! ಇಟ್ಟವನ ಕಣ್ಣಿಗೆ ಅದು ಕಾಣುತ್ತಲೇ ಇರುತ್ತದಲ್ಲ.

ರಾತ್ರಿ ಊಟದ ಹೊತ್ತಿಗೆ ಕಾರಣ ಹೊರಬಿತ್ತು. ಅಲ್ಲಿ ಯಾರೋ ಅಡಗಿಸಿದ ಇಂಥದ್ದೇ ಡಬ್ಬಿಗಾಗಿ ಇವನು ಮೂರು ಭಾನುವಾರ ಮಳೆಯಲ್ಲಿ ಒಂದು ಸೇತುವೆಯಡಿ ಪರದಾಡಿದ್ದನಂತೆ. ಸಿಗದೆ ಮುಖ ಸಪ್ಪೆ ಮಾಡಿಕೊಂಡು ಮರಳಿದ್ದನಂತೆ. ಅತ್ತೆಯ ಕೈಯಲ್ಲಿ ನೊಂದ ಸೊಸೆ ತಾನು ಅತ್ತೆಯಾದಾಗ ಅದನ್ನೇ ಮಾಡುವುದಿಲ್ಲವೇ? ಅವನನ್ನು ಬೈಯಲು ಬಾಯಿ ತೆರೆದೆ. “ಉಪ್ಪು ಎಷ್ಟು ಹಾಕಲಿ” ಎಂದು ಕೇಳಿದ ದೊಡ್ಡ ಮಗಳಿಗೆ “ಅಂದಾಜಿನಲ್ಲಿ ಹಾಕು” ಎಂದು ಅರ್ಧ ಗಂಟೆಯ ಹಿಂದೆಯಷ್ಟೇ ಹೇಳಿದ್ದು ನೆನಪಾಗಿ ಸುಮ್ಮನಾದೆ.

ಮರುದಿನ ಅವನು ಪೊಟರೆಯಲ್ಲಿ ದೊಡ್ಡ ಬಿಸ್ಕತ್ತಿನ ಡಬ್ಬ ಇಟ್ಟು ಕರೆದ. ಉಳಿದ ಮಕ್ಕಳು ಓಡಿದರು. ಇವಳು ಹೊಸ್ತಿಲು ದಾಟಲಿಲ್ಲ.

ಅವನು ಹೊರಡುವ ಹಿಂದಿನ ಸಂಜೆ ನನ್ನ ಅಡುಗೆಮನೆಯ ಸ್ಟೀಲ್ ಡಬ್ಬಿಯೊಂದು ಕಾಣೆಯಾಗಿತ್ತು. ಹಿತ್ತಿಲಿಗೆ ಬಂದು ನೋಡಿದರೆ ಇವಳು ಕಟ್ಟೆಯ ಮೇಲೆ ಕುಳಿತಿದ್ದಾಳೆ, ಅವನು ಹುಡುಕುತ್ತಿದ್ದಾನೆ. ಡಬ್ಬಿಯ ಮುಚ್ಚಳ ಹುಲ್ಲಿನಲ್ಲಿ ಅರ್ಧಕ್ಕರ್ಧ ಹೊಳೆಯುತ್ತಿತ್ತು. ಅವನು ಒಮ್ಮೆ ಅದರ ಪಕ್ಕದಲ್ಲೇ ಹಾದುಹೋದ, ಮತ್ತೊಮ್ಮೆ ಹಾದುಹೋದ. ಇವಳಿಗೆ ತಡೆಯಲಾಗಲಿಲ್ಲ.

“ಭಯ್ಯಾ, ಕೆಳಗೆ ನೋಡು. ಇನ್ನೂ ಸ್ವಲ್ಪ ಈಚೆ.”

ಮುಚ್ಚಳ ತೆರೆದರೆ ಒಳಗೆ ಚಿಟ್ಟೆಯ ಕ್ಲಿಪ್ಪಿತ್ತು.