ಮಿಕ್ಸರ್ ಎಳೆಯುವ ಗಾಡಿ

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ಪುಣೆಯಾಗ ಕನ್ನಡ ಮಾತಾಡೋ ಮಂದಿ ಸಿಗ್ತಾರೇನ್ರಿ?" ಕೇಳುವವರ ಮನಸ್ಸಿನಲ್ಲಿ ಕನ್ನಡ ಸಂಘ, ರಾಜ್ಯೋತ್ಸವ, ಉಡುಪಿ ಹೋಟೆಲು ಇರುತ್ತವೆ. ಅವೆಲ್ಲ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಖಡಕ್ ಕನ್ನಡ ಕೇಳಬೇಕೆಂದರೆ ಸ್ಲ್ಯಾಬ್ ಹಾಕುವ ದಿನ ಯಾವುದಾದರೂ ಹೊಸ ಕಟ್ಟಡದ ಬುಡಕ್ಕೆ ಹೋಗಿ ನಿಲ್ಲಬೇಕು. ಮಿಕ್ಸರಿನ ಗಡಗಡ ಶಬ್ದದ ಮೇಲೆ ಒದರುವ ದನಿಗಳಲ್ಲಿ ಅರ್ಧ ವಿಜಯಪುರದವು, ಉಳಿದರ್ಧ ಕಲಬುರ್ಗಿ, ಯಾದಗಿರಿಯವು. ಪುಣೆಯ ಎಷ್ಟೋ ಮನೆಗಳ ಮಾಳಿಗೆ ನಿಂತಿರುವುದು ಈ ಜನರ ರಟ್ಟೆಯ ಮೇಲೆ.

ನಾನು ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದವನು. ವರ್ಗವಾಗಿ ಪುಣೆಗೆ ಬಂದೆ, ಮಕ್ಕಳ ಶಾಲೆಯ ನೆಪದಲ್ಲಿ ಇಲ್ಲೇ ಉಳಿದೆ, ನಿವೃತ್ತನೂ ಆದೆ. ಹೆಚ್ಚು ವರ್ಷ ಸಾಲದ ವಿಭಾಗದಲ್ಲೇ ಕಳೆದದ್ದರಿಂದ ಟೆಂಪೋ, ರಿಕ್ಷಾ, ಪಿಕಪ್ ಇವುಗಳ ಕೊಟೇಶನ್ನು ನೋಡಿದಷ್ಟು ನಾನು ಕಥೆ ಕಾದಂಬರಿ ನೋಡಿಲ್ಲ. ನಿವೃತ್ತಿಯ ನಂತರವೂ ಜನ ಬರುತ್ತಾರೆ. "ಸಾಹೇಬ್ರ, ಒಂದೀಟ ಕಾಗದ ನೋಡ್ರಿ" ಎನ್ನುತ್ತಾರೆ. ಬೇಡ ಎನ್ನಲಾಗುವುದಿಲ್ಲ, ಎನ್ನುವ ಮನಸ್ಸೂ ಇಲ್ಲ.

2023ರ ದೀಪಾವಳಿಯ ಹೊತ್ತಿಗೆ ಹಾಗೆ ಬಂದವನು ಒಬ್ಬ ಸ್ಲ್ಯಾಬ್ ಮೇಸ್ತ್ರಿ. ಇಂಡಿ ತಾಲ್ಲೂಕಿನವನು, ನಮ್ಮ ಸೊಸೈಟಿಯ ನೀರಿನ ಟಾಕಿ ಕಟ್ಟಿದಾಗಿನಿಂದ ಪರಿಚಯ. ಹನ್ನೆರಡು ಜನರ ಟೋಳಿ, ಅದರಲ್ಲಿ ನಾಲ್ವರು ಹೆಣ್ಣುಮಕ್ಕಳು, ಒಬ್ಬಳು ಅವನ ಹೆಂಡತಿಯೇ. ಒಂದು ಚೀಲ ಸಿಮೆಂಟು ಹಿಡಿಯುವ ಹಾಪರ್ ಮಿಕ್ಸರು ಅವನ ಸ್ವಂತದ್ದು. ಅದನ್ನು ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಒಯ್ಯಲು ಪ್ರತಿಸಲ ಬಾಡಿಗೆ ಗಾಡಿ. ಬಾಡಿಗೆಯವನು ಬೆಳಿಗ್ಗೆ ಐದಕ್ಕೆ ಬರುತ್ತೇನೆಂದವನು ಎಂಟಕ್ಕೆ ಬಂದರೆ ಅಂದಿನ ಸ್ಲ್ಯಾಬು ರಾತ್ರಿ ಹತ್ತರವರೆಗೆ ಎಳೆಯುತ್ತದೆ.

"ಸ್ವಂತದ್ದೊಂದು ಗಾಡಿ ತಗೋಬೇಕಂತ ಮಾಡೀನ್ರಿ. ಸಣ್ಣ ಟೆಂಪೋ ಸಾಕಾಕ್ಕತೇನ್ರಿ?"

ಸಣ್ಣದೆಂದರೆ ಅವನ ಮನಸ್ಸಿನಲ್ಲಿದ್ದದ್ದು ಛೋಟಾ ಹಾಥಿ, ಅಂದರೆ ಟಾಟಾ ಏಸ್. 2005ರಲ್ಲಿ ಅದು ಪುಣೆಯ ಕಾರ್ಖಾನೆಯಿಂದಲೇ ಹೊರಬಂದಾಗ ನಾನು ಶಾಖೆಯಲ್ಲಿದ್ದೆ. ಎರಡು ಸಿಲಿಂಡರು, 702 ಸಿಸಿ, 16 ಅಶ್ವಶಕ್ತಿ, ಹೊರುವ ಭಾರ 750 ಕೆಜಿ. ಮೂರು ಚಕ್ರದ ರಿಕ್ಷಾದಲ್ಲಿ ತರಕಾರಿ ಹೊರುತ್ತಿದ್ದವರು ನಾಲ್ಕು ಚಕ್ರಕ್ಕೆ ಏರಿದರು. ಆ ಗಾಡಿಗೆ ಕೊಟ್ಟ ಸಾಲಗಳು ಒಳ್ಳೆಯ ಸಾಲಗಳಾಗಿದ್ದವು, ಅದರ ಬಗ್ಗೆ ನನಗೆ ಗೌರವವಿದೆ. ಹಾಲಿಗೆ, ಗ್ಯಾಸ್ ಸಿಲಿಂಡರಿಗೆ, ಮನೆ ಸಾಮಾನಿಗೆ ಅದಕ್ಕಿಂತ ಒಳ್ಳೆಯದು ಹುಡುಕುವುದು ಕಷ್ಟ. ಆದರೆ ಮಿಕ್ಸರು ಹಾಲಿನ ಕ್ಯಾನಲ್ಲ.

ಮೊದಲು ಮಿಕ್ಸರಿನ ತೂಕ ಎಷ್ಟೆಂದು ಕೇಳಿದೆ. "ಭಾಳ ಐತ್ರಿ" ಎಂದ. ಬ್ಯಾಂಕಿನವನಿಗೆ ಆ ಉತ್ತರ ಸಾಲದು. ಮರುದಿನ ಬಾಡಿಗೆ ಗಾಡಿಯ ಹಿಂದೆ ಅದನ್ನು ಕಟ್ಟಿಕೊಂಡು ಲಾರಿ ತೂಗುವ ಕಾಟಾಕ್ಕೆ ಹೋದೆವು. ಮಿಕ್ಸರು ಬಿಚ್ಚಿ ಅದೊಂದನ್ನೇ ನಿಲ್ಲಿಸಿದಾಗ ಚೀಟಿಯಲ್ಲಿ ಬಂದದ್ದು 1,240 ಕೆಜಿ. ಮೊದಲು ಬಂದ ಏಸ್ ಗಾಡಿಯ ಒಟ್ಟು ತೂಕ, ಭಾರ ತುಂಬಿದಾಗ, 1,550. ಹೊರುವ 750 ಕಳೆದರೆ ಖಾಲಿ ಗಾಡಿ 800. ಅಂದರೆ ಎಳೆಯುವುದಕ್ಕಿಂತ ಎಳೆಸಿಕೊಳ್ಳುವುದೇ ನಾಲ್ಕುನೂರು ಕೆಜಿ ಹೆಚ್ಚು. ಕುದುರೆಗಿಂತ ಜೀನು ಭಾರ. ಮೇಸ್ತ್ರಿ ಆ ಚೀಟಿ ಮಡಚಿ ಜೇಬಿಗಿಟ್ಟ. ಎರಡು ವರ್ಷ ಆ ಮಿಕ್ಸರಿನ ಜೊತೆ ಬಾಳುವೆ ಮಾಡಿದವನಿಗೆ ಅದರ ತೂಕ ಗೊತ್ತಾದದ್ದು ಅವತ್ತೇ.

ಅಷ್ಟರಲ್ಲಿ ಅವನು ಒಂದು ಶೋರೂಮಿಗೆ ಹೋಗಿಬಂದಿದ್ದ. ಯಾವುದೆಂದು ಬೇಡ. ಮಾರುವ ಹುಡುಗ ಹಿಂದಿ-ಮರಾಠಿ ಬೆರೆಸಿ ಎಲ್ಲಾ ಹೇಳಿದ್ದಾನೆ. ಇವನು ಎಲ್ಲಕ್ಕೂ "ಹೋ, ಹೋ" ಎಂದು ತಲೆಯಾಡಿಸಿ ಬಂದಿದ್ದಾನೆ. ಮಿಕ್ಸರ್ ಎಳೆಯುತ್ತದೆಯೇ ಎಂದದ್ದಕ್ಕೆ "ಕುಛ್ ಭೀ ಖೀಂಚೇಗಾ" ಎಂಬ ಉತ್ತರ ಬಂತಂತೆ. ಮೇಸ್ತ್ರಿಗೆ ಮರಾಠಿ ಬಾರದೆಂದಲ್ಲ. ಬಿಲ್ಡರುಗಳ ಜೊತೆ ರೇಟಿನ ಜಗಳ ಮರಾಠಿಯಲ್ಲೇ ಆಡುತ್ತಾನೆ. ಆದರೆ ಜಗಳಕ್ಕೆ ಬೇಕಾದ ಭಾಷೆ ಬೇರೆ, "ಇದು ನನಗೆ ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ" ಎನ್ನಲು ಬೇಕಾದ ಭಾಷೆ ಬೇರೆ. ಎಸಿ ಹಾಕಿದ ಶೋರೂಮಿನಲ್ಲಿ, ಕಾಲಿಗೆ ಸಿಮೆಂಟು ಮೆತ್ತಿಕೊಂಡು ನಿಂತವನ ಬಾಯಲ್ಲಿ ಆ ಎರಡನೆಯ ಭಾಷೆ ಹೊರಡುವುದಿಲ್ಲ. ಸಾಲದ ಟೇಬಲ್ಲಿನ ಆಚೆ ಕೂತು ಇಂಥ ತಲೆಯಾಟವನ್ನು ನಾನು ಎಷ್ಟು ನೋಡಿದ್ದೇನೆ! ಹಿಂದಿಯ ಫಾರ್ಮು, ಮರಾಠಿಯ ವಿವರಣೆ, ಕೊನೆಗೆ ಕನ್ನಡದ ಸಹಿ. ಆ ಸಹಿ ಮಾಡುವಾಗ ಮಾತ್ರ ಅವರ ಮುಖ ಸ್ವಲ್ಪ ಸಡಿಲಾಗುತ್ತಿತ್ತು.

ನಮ್ಮ ಮನೆಯ ವರಾಂಡದಲ್ಲಿ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಲೆಕ್ಕ ಬರೆಯಲು ಕೂತೆವು. ಅವನ ಹೆಂಡತಿಯೂ ಬಂದಿದ್ದಳು. ಹನ್ನೆರಡು ಜನ, ತಲಾ 60 ಎಂದರೂ 720 ಕೆಜಿ. ಲಿಫ್ಟಿನ ಬಿಡಿಭಾಗ, ವೈಬ್ರೇಟರು, ಪುಟ್ಟಿ, ಸಲಿಕೆ, ಡೀಸೆಲ್ ಕ್ಯಾನು ಎಲ್ಲ ಸೇರಿ 450 ಎಂದು ಅವನ ಅಂದಾಜು. ಮಿಕ್ಸರು ತಾನೇ ಗಾಲಿಯ ಮೇಲೆ ನಡೆದರೂ ಅದರ ಮೂತಿಯ ಭಾರದಲ್ಲಿ ಒಂದಿಷ್ಟು ಗಾಡಿಯ ಕೊಕ್ಕೆಯ ಮೇಲೆ ಕೂರುತ್ತದೆ. ಹತ್ತರಲ್ಲೊಂದು ಪಾಲು ಹಿಡಿದರೂ 120. ಒಟ್ಟು ಸುಮಾರು 1,300 ಕೆಜಿ, ಇನ್ನೂ ಮಿಕ್ಸರಿನ ಎಳೆತ ಬೇರೆ.

ಈ ಕೊಕ್ಕೆಯ ಭಾರದ ಮಾತು ನನಗೆ ಹೇಳಿಕೊಟ್ಟವನು ಅಮೆರಿಕದ ಮಿನ್ನೆಸೋಟದಲ್ಲಿರುವ ನನ್ನ ಅಕ್ಕನ ಮಗ. ಅಲ್ಲಿ ಚಳಿಗಾಲಕ್ಕೆ ಹಿಮದ ಮೇಲೆ ಓಡುವ ಸ್ಕೂಟರುಗಳಿವೆಯಂತೆ. ಎರಡನ್ನು ಟ್ರೇಲರಿನ ಮೇಲೆ ಹೇರಿ ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಹೋಗುತ್ತಾರೆ. ಗಾಡಿ ಎಷ್ಟು ಎಳೆಯಬಹುದೆಂದು ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ, ಜನ ಮತ್ತು ಸಾಮಾನು ಸೇರಿ ಎಷ್ಟು ಮೀರಬಾರದೆಂದು ಬಾಗಿಲ ಚೌಕಟ್ಟಿಗೆ ಚೀಟಿ ಅಂಟಿಸಿರುತ್ತಾರೆ. ಟ್ರೇಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಕ್ಕೆಯ ಮೇಲಿರಬೇಕು, ಕಡಿಮೆಯಾದರೆ ಹಿಂದಿನದು ಬಾಲದಂತೆ ಆಡುತ್ತದೆ, ಹೆಚ್ಚಾದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಗಾಲಿ ಹಗುರಾಗುತ್ತವೆ ಎಂದ. ನಮ್ಮ ಮೇಸ್ತ್ರಿ ತಂದಿದ್ದ ಬಣ್ಣದ ಕಾಗದದಲ್ಲಿ ಎಳೆಯುವ ಭಾರದ ಕಾಲಮ್ಮೇ ಇರಲಿಲ್ಲ.

ಇದನ್ನು ಇವನಿಗೆ ಹೇಗೆ ಹೇಳಲಿ ಎಂದು ತಿಣುಕುತ್ತಿದ್ದೆ. ಅವನೇ ಬಾಯಿ ಹಾಕಿದ. "ಹಿಂಭಾರ ಅಂದ್ರಲ್ರಿ. ಚಕ್ಕಡಿ ಹೇರುವಾಗ ಜ್ವಾಳದ ಚೀಲ ಹಿಂದ ಜಾಸ್ತಿ ಆದ್ರ ನೊಗ ಮ್ಯಾಲ ಎದ್ದು ಎತ್ತಿಗೆ ಉರುಳು ಬೀಳತೈತಿ. ಮುಂದ ಜಾಸ್ತಿ ಆದ್ರ ಹೆಗಲು ಹುಣ್ಣ ಆಗತೈತಿ. ಅದ ಅಲ್ರೀ?" ಅದೇ. ಮಿನ್ನೆಸೋಟದ ಇಂಜಿನಿಯರು ಫೋನಿನಲ್ಲಿ ಕಾಲು ಗಂಟೆ ಹೇಳಿದ್ದು ಇಂಡಿ ತಾಲ್ಲೂಕಿನ ಹೊಲದಲ್ಲಿ ಮೊದಲೇ ಗೊತ್ತಿತ್ತು. ಶೋರೂಮಿನಲ್ಲಿ ಯಾರೂ ಚಕ್ಕಡಿಯ ಮಾತು ಎತ್ತಿರಲಿಲ್ಲ, ಅಷ್ಟೆ.

ಚಕ್ಕಡಿಯಿಂದ ಮಾತು ತಾನಾಗಿ ಇಳಿಜಾರಿಗೆ ಬಂತು. ಇಳುಕಲಿನಲ್ಲಿ ಬಂಡಿ ಎತ್ತಿನ ಮೇಲೆ ನುಗ್ಗುತ್ತದೆ. ಮಿಕ್ಸರಿಗೆ ಅದರದೇ ಬ್ರೇಕಿಲ್ಲ. ಅದನ್ನೂ ನಿಲ್ಲಿಸಬೇಕಾದದ್ದು ಮುಂದಿನ ಗಾಡಿಯೇ. ಪುಣೆಯಲ್ಲಿ ಕೆಲಸವೆಂದರೆ ಇಳಿಜಾರು ತಪ್ಪಿದ್ದಲ್ಲ. ಸಾಸವಡದ ಕಡೆಗೆ ದಿವೆ ಘಾಟ್, ಸಾತಾರಾ ದಾರಿಗೆ ಕಾತ್ರಜ್. ಹೊಸ ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಗೆ ಇಳಿಯುವ ಹೆದ್ದಾರಿಯಂತೂ ಕುಖ್ಯಾತ. 2022ರ ನವೆಂಬರಿನಲ್ಲಿ ಅಲ್ಲಿ ಒಂದು ಲಾರಿ ಹತ್ತಾರು ವಾಹನಗಳಿಗೆ ಬಡಿದದ್ದನ್ನು ಊರಿನ ಪತ್ರಿಕೆಗಳಲ್ಲೂ ಓದಿರಬಹುದು. ಡೀಸೆಲ್ ಉಳಿಸಲು ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಇಳಿಸುವ ಚಾಳಿ ಎಷ್ಟೋ ಡ್ರೈವರುಗಳಿಗಿದೆ. ಹಿಂದೆ ಟನ್ನಿಗೂ ಮಿಕ್ಕಿದ ಕಬ್ಬಿಣ ಇದ್ದಾಗ ಹಾಗೆ ಮಾಡುವುದು ಸಾವಿಗೆ ಸಹಿ ಹಾಕಿದಂತೆ. ಸಣ್ಣ ಗೇರಿನಲ್ಲಿ, ಇಂಜಿನ್ನು ಹಿಡಿದುಕೊಂಡೇ ಇಳಿಯಬೇಕು. ಆದ್ದರಿಂದ ಗಾಡಿ ಆರಿಸುವಾಗ ಕೇಳಬೇಕಾದದ್ದು ಎಷ್ಟು ಜಗ್ಗುತ್ತದೆ ಎಂದಲ್ಲ, ತುಂಬಿದ ಭಾರವನ್ನು ಎಲ್ಲಿ ನಿಲ್ಲಿಸುತ್ತದೆ ಎಂದು.

ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಅವನ ಹೆಂಡತಿ ಆಗ ಅಂದಳು: "ಸಾಹೇಬ್ರ, ಯಾವ ಗಾಡಿ ಬೇಕಾದ್ರ ತಗೋಳ್ಳಿ. ನಾ ಇನ್ಮ್ಯಾಲ ಮಿಕ್ಸರ್ ಮ್ಯಾಲ ಕುಂದ್ರಂಗಿಲ್ಲ." ಗಾಡಿಯಲ್ಲಿ ಜಾಗವಿಲ್ಲದಾಗ ಒಬ್ಬಿಬ್ಬರು ಮಿಕ್ಸರಿನ ಚೌಕಟ್ಟಿನ ಮೇಲೆ ಕೂತು ಬರುವುದು ಇಲ್ಲಿ ರೂಢಿ. ಅವರ ಊರ ಕಡೆಯ ಒಬ್ಬ ಹೆಣ್ಣುಮಗಳು ಹಿಂದಿನ ಮಳೆಗಾಲದಲ್ಲಿ ಹಾಗೆ ಕೂತು ಬರುವಾಗ ಬಿದ್ದು ಸೊಂಟ ಮುರಿದುಕೊಂಡಿದ್ದಳಂತೆ. ಗುತ್ತಿಗೆದಾರ ಹತ್ತು ಸಾವಿರ ಕೈಗಿಟ್ಟು ಊರಿಗೆ ಬಸ್ಸು ಹತ್ತಿಸಿದ. ಮೇಸ್ತ್ರಿಗೆ ಇದು ಗೊತ್ತಿತ್ತು, ನನಗೆ ಹೇಳಿರಲಿಲ್ಲ.

ಸರಕು ಗಾಡಿಯ ವಿಮೆ ಡಾಲಾದಲ್ಲಿ ಕೂತು ಬರುವ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಮಾಲೀಕನ ಕೆಲಸಗಾರರ ಲೆಕ್ಕ ಬೇರೆ, ಅದಕ್ಕೂ ಮಿತಿಗಳಿವೆ. ಟ್ರೇಲರಿಗೆ ವಿಮೆಯಲ್ಲಿ ಪ್ರತ್ಯೇಕ ಪ್ರೀಮಿಯಂ ಇದೆ. ಹೆಚ್ಚು ಭಾರ ಹೇರಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ನಂತರ ದಂಡ 20 ಸಾವಿರ, ಮೇಲೆ ಟನ್ನಿಗೆ ಎರಡೆರಡು ಸಾವಿರ. ಇಷ್ಟನ್ನೂ ಕ್ಯಾಲೆಂಡರಿನ ಬೆನ್ನಿಗೆ ಕನ್ನಡದಲ್ಲಿ ಬರೆದೆ. ಅವನ ಹೆಂಡತಿ ಅದನ್ನು ಅಕ್ಷರ ಕೂಡಿಸಿ ಓದಿದಳು. ಲೈಸೆನ್ಸಿನ ಚಿಂತೆ ಇರಲಿಲ್ಲ. ಒಟ್ಟು ತೂಕ ಏಳೂವರೆ ಟನ್ನಿನೊಳಗಿನ ಸರಕು ಗಾಡಿಗೆ ಸಾದಾ ಎಲ್‌ಎಂವಿ ಲೈಸೆನ್ಸು ಸಾಕೆಂದು 2017ರಲ್ಲೇ ತೀರ್ಪಾಗಿತ್ತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು.

ಉಳಿದದ್ದು ಎರಡು ದಾರಿ. ಒಂದು, ಒಂದೇ ಕ್ಯಾಬಿನ್ನಿನ ದೊಡ್ಡ ಪಿಕಪ್. ಬೊಲೆರೊದಲ್ಲಿ 1.7 ಟನ್ ಹೊರುವುದು ಸಿಗುತ್ತದೆ, ಅಶೋಕ್ ಲೇಲ್ಯಾಂಡಿನ ದೋಸ್ತ್ ಇದೆ. ಸಾಮಾನು ಎಷ್ಟಾದರೂ ಹಿಡಿಸುತ್ತದೆ, ಆದರೆ ಜನ ಮತ್ತೆ ಡಾಲಾದಲ್ಲೇ. ಇನ್ನೊಂದು, ಬೊಲೆರೊ ಕ್ಯಾಂಪರ್. ಎರಡೂವರೆ ಲೀಟರಿನ ಇಂಜಿನ್ನು, ಎರಡು ಸಾಲು ಸೀಟು, ಐದು ಜನ ಕೂರಬಹುದು, ಹೊರುವುದು ಒಂದು ಟನ್. ನಾನು ಕ್ಯಾಂಪರಿನ ಕಡೆ ವಾಲಿದೆ. ಡ್ರೈವರು ಮತ್ತು ನಾಲ್ವರು ಹೆಣ್ಣುಮಕ್ಕಳು ಸೀಟಿನಲ್ಲಿ, ಹಿಂದೆ 450 ಕೆಜಿಯ ಸಾಮಾನು, ಕೊಕ್ಕೆಯ 120. ಜನರನ್ನೂ ಸೇರಿಸಿದರೂ ಟನ್ನಿನೊಳಗೇ. ಗಂಡಸರು ಸಿಟಿ ಬಸ್ಸಿನಲ್ಲಿ ಬರಲಿ. ಸೆಂಟ್ರಿಂಗ್ ಪ್ಲೇಟುಗಳಿಗೆ ಬೇಕಾದ ದಿನ ಬಾಡಿಗೆ ಟೆಂಪೋ.

ಅಡ್ಡಿ ಬಂದದ್ದು ಕಂತು. ಸಣ್ಣ ಗಾಡಿಗೆ 5 ಲಕ್ಷ ಸಾಲವಾದರೆ ನೂರಕ್ಕೆ ಹತ್ತರ ಬಡ್ಡಿ, ಐದು ವರ್ಷ, ತಿಂಗಳಿಗೆ 10,624 ರೂಪಾಯಿ. ಕ್ಯಾಂಪರಿಗೆ 8 ಲಕ್ಷ ಬೇಕು; ಕಂತು 16,998. ವ್ಯತ್ಯಾಸ ಆರು ಸಾವಿರದ ಮೇಲೆ. ಮಳೆಗಾಲದಲ್ಲಿ ಸ್ಲ್ಯಾಬು ಕಡಿಮೆ, ಕಂತಿಗೆ ಮಳೆಗಾಲವಿಲ್ಲ. ವಿಜಯಪುರದ ಹಾಸ್ಟೆಲಿನಲ್ಲಿ ಮಗಳು ಪಿಯುಸಿ ಓದುತ್ತಿದ್ದಾಳೆ. ಆ ಆರು ಸಾವಿರವೆಂದರೆ ಅವಳ ಖರ್ಚು. ಈ ಜಾಗದಲ್ಲಿ ನಾನು ಸುಮ್ಮನಾದೆ. ಸುರಕ್ಷತೆಯ ಪಾಠ ಹೇಳುವುದು ಪೆನ್ಶನ್ ಬರುವವನಿಗೆ ಸುಲಭ.

ಲೆಕ್ಕ ಬಿಡಿಸಿದವಳು ಅವನ ಹೆಂಡತಿ. ತಿಂಗಳಿಗೆ ಎಷ್ಟು ಸಲ ಬಾಡಿಗೆ ಗಾಡಿ ತರಿಸುತ್ತೀ ಎಂದು ಗಂಡನನ್ನು ಕೇಳಿದಳು. ಎಂಟು ಹತ್ತು ಸಲ. ಸಲಕ್ಕೆ ಎಷ್ಟು? ಎರಡು ಸಾವಿರ, ದೂರವಾದರೆ ಎರಡೂವರೆ. "ಅಂದ್ರ ಈಗೂ ಕಂತು ಕಟ್ಟಾಕ ಹತ್ತೀವಲ್ಲ, ಬ್ಯಾರೇದವ್ರ ಗಾಡೀಗೆ" ಎಂದಳು. ಡೀಸೆಲ್ಲು, ಟಾಯರು, ರಿಪೇರಿ ಎಂದು ನಾನು ಎರಡು ಸಾಲು ಕೂಡಿಸಿದೆ. ಆದರೂ ಅವಳ ಮಾತು ನಿಂತಿತು. ನನ್ನ ಮೂವತ್ತೈದು ವರ್ಷದ ನೌಕರಿಯಲ್ಲಿ ಇಷ್ಟು ಚೊಕ್ಕ ಪ್ರಾಜೆಕ್ಟ್ ರಿಪೋರ್ಟ್ ನೋಡಿದ್ದು ಕಡಿಮೆ.

ಸಾಲ ಮುದ್ರಾದಲ್ಲಿ ಆಯಿತು. 2015ರಲ್ಲಿ ಬಂದ ಆ ಯೋಜನೆಯ ತರುಣ್ ವರ್ಗದಲ್ಲಿ 10 ಲಕ್ಷದವರೆಗೆ ಅವಕಾಶವಿದೆ. ಮಾರ್ಜಿನ್ ಹಣಕ್ಕೆ ಮೇಸ್ತ್ರಿ ಊರಿನ ಎರಡು ಎಮ್ಮೆ ಮಾರಿದ. ಮಿಕ್ಸರಿನ ಮೂತಿಗೆ ಹೊಸ ಪಿನ್ನು, ಅದು ಕಳಚಿದರೂ ಹಿಡಿಯಲೆಂದು ಎರಡು ಸರಪಳಿ ಅಡ್ಡಡ್ಡ ಹಾಕಿಸಿದೆವು. ಹಿಂದೆ ಕೆಂಪು ದೀಪ, ಹೊಳೆಯುವ ಪಟ್ಟಿ. ಮಿಕ್ಸರ್ ಕಟ್ಟಿದ ದಿನ ನಸುಕಿನಲ್ಲೇ ಹೊರಡುತ್ತಾನೆ, ನಿಧಾನ ಹೋಗುತ್ತಾನೆ, ಹಿಂದಿನವರು ಹಾರ್ನು ಹೊಡೆದರೆ ಹೊಡೆಯಲಿ ಎನ್ನುತ್ತಾನೆ.

ಗಾಡಿಯ ಮೇಲೆ ಏನು ಬರೆಸಬೇಕೆಂಬ ಚರ್ಚೆ ಒಂದು ವಾರ ನಡೆಯಿತು. ಪೇಂಟರಿಗೆ ಕನ್ನಡ ಬಾರದು, ನಾನು ಕಾಗದದ ಮೇಲೆ ದಪ್ಪಗೆ ಬರೆದುಕೊಟ್ಟೆ. ಅವನು ಚಿತ್ರ ತೆಗೆದಂತೆ ಅಕ್ಷರ ತೆಗೆದ, ಒಂದು ಒತ್ತಕ್ಷರ ಮಾತ್ರ ಉಲ್ಟಾ ಕೂತಿದೆ. ಮೇಸ್ತ್ರಿ ಅದನ್ನು ತಿದ್ದಿಸಲು ಬಿಡಲಿಲ್ಲ. ಕಾತ್ರಜ್ ಕಡೆ ಕೆಲಸವಿದ್ದಾಗ ಆ ಗಾಡಿ ಈಗಲೂ ನಮ್ಮ ಗೇಟಿನ ಮುಂದೆ ಹಾಯುತ್ತದೆ. ಹಿಂದಿನ ಸೀಟಿನ ಕಿಟಕಿಯಿಂದ ಅವನ ಹೆಂಡತಿ ಕೈ ಮಾಡುತ್ತಾಳೆ.