ಕೇಳಿದವರಿಗೆ ಮಾತ್ರ ತಿಳಿಯುವ ಲಿಪಿ

ಬೇಸ್ ಗಿಟಾರ್ ಕಲಿಯುವವರಿಗೆಂದು ಟ್ಯಾಬ್ ಎಂಬ ಲಿಪಿಯೊಂದಿದೆ. ಪೂರ್ತಿ ಹೆಸರು ಟ್ಯಾಬ್ಲೇಚರ್. ಅಡ್ಡಕ್ಕೆ ನಾಲ್ಕು ಗೆರೆ. ಒಂದೊಂದು ಗೆರೆಯೂ ಒಂದೊಂದು ತಂತಿ. ಗೆರೆಯ ಮೇಲೆ ಅಂಕಿಗಳು. 3 ಎಂದಿದ್ದರೆ ಆ ತಂತಿಯನ್ನು ಮೂರನೆಯ ಮನೆಯಲ್ಲಿ ಒತ್ತಿ ಮೀಟಬೇಕು, ಸೊನ್ನೆ ಎಂದಿದ್ದರೆ ಒತ್ತದೆ ಹಾಗೆಯೇ ಮೀಟಬೇಕು. ರಾಗ ತಾಳದ ಗಂಧವಿಲ್ಲದವರೂ ಹತ್ತು ನಿಮಿಷದಲ್ಲಿ ಕಲಿಯಬಹುದು. ನಲವತ್ತು ದಾಟಿದ ಮೇಲೆ ನಾನೂ ಕಲಿತೆ. ಚಿಕ್ಕಮಗಳೂರಿನಲ್ಲಿ ಕಾಲೇಜು ಓದುತ್ತಿರುವ ಮಗಳು ರಜೆಗೆ ಬರುವಾಗ ತನ್ನ ಬೇಸ್ ಗಿಟಾರನ್ನು ಮೂಡಿಗೆರೆಯ ಮನೆಗೆ ತಂದಿದ್ದಳು. ಕಲಿಸುವ ಮೇಷ್ಟ್ರು ಹತ್ತಿರದಲ್ಲಿ ಯಾರೂ ಸಿಗಲಿಲ್ಲ. ಅವಳೇ ಮೇಷ್ಟ್ರಾದಳು.

ಮೊದಲ ಪಾಠ ಕ್ವೀನ್ ತಂಡದ 'ಅನದರ್ ಒನ್ ಬೈಟ್ಸ್ ದ ಡಸ್ಟ್'. 1980ರ ರಾಕ್ ಹಾಡು. ಹಾಡಿದವನು ಪಂಚಗನಿಯ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ ಫ್ರೆಡಿ ಮರ್ಕ್ಯುರಿ. ಕಟ್ಟಿದವನು ತಂಡದ ಬೇಸ್ ವಾದಕ ಜಾನ್ ಡೀಕನ್. ಇಡೀ ಹಾಡು ನಿಂತಿರುವುದೇ ಬೇಸಿನ ಮೇಲೆ. ಟ್ಯಾಬಿನಲ್ಲಿ ನೋಡಿದರೆ ಅದರ ಮುಖ್ಯ ಭಾಗ ಬಹುಪಾಲು ಸೊನ್ನೆಗಳು. ಮೊದಲು ಮೂರು ಸೊನ್ನೆ, ಆಮೇಲೆ ಮತ್ತೆ ಮೂರು ಸೊನ್ನೆ. ಕಾಗದದಲ್ಲಿ ಎರಡೂ ಒಂದೇ. ಹಾಡಿನಲ್ಲಿ ಮೊದಲ ಮೂರು ನಡುವೆ ಮೌನ ಬಿಟ್ಟು ಹೆಜ್ಜೆ ಇಟ್ಟಂತೆ ಬರುತ್ತವೆ. ಆಮೇಲಿನ ಮೂರು ಒಂದರ ಬೆನ್ನಿಗೊಂದು ಓಡಿ ಬರುತ್ತವೆ. ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ತಂತಿಯನ್ನು ಅದುಮಿ ಸುಮ್ಮನಾಗಿಸಬೇಕು ಎಂಬುದನ್ನು ಸಾಮಾನ್ಯ ಟ್ಯಾಬ್ ಹೇಳುವುದಿಲ್ಲ. "ಅಂಕಿ ಆಮೇಲೆ ನೋಡಿ ಅಬ್ಬಾ, ಮೊದಲು ಕೇಳಿ" ಎನ್ನುವುದು ಮಗಳ ಪಾಠ.

ಎರಡನೆಯ ಹಾಡು ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ'. ರಘು ದೀಕ್ಷಿತ್ ಅದನ್ನು ರಾಕ್ ವಾದ್ಯಗಳೊಂದಿಗೆ ಹಾಡಿ 2008ರ ತಮ್ಮ ಆಲ್ಬಂನಲ್ಲಿ ಸೇರಿಸಿದರು. ಆಗ ತಂಡದ ಬೇಸ್ ವಾದಕರಾಗಿದ್ದವರು ಗೌರವ್ ವಾಜ್. ಇದಕ್ಕೆ ಟ್ಯಾಬ್ ಸಿಗಲಿಲ್ಲ. ಮಗಳು ಕೇಳಿ ಕೇಳಿ ತಾನೇ ಬರೆದಳು. ಆ ಅಂಕಿಗಳು ನನ್ನ ಬೆರಳಿಗೆ ಬೇಗನೆ ಒಲಿದವು. ಅದು ಜಾಣತನದಿಂದಲ್ಲ. 1889ರಲ್ಲೇ ತೀರಿಹೋದ ಶರೀಫರ ಹಾಡಿನ ನಡೆ ಕನ್ನಡ ಶಾಲೆಯ ದಿನಗಳಿಂದ ನನ್ನ ಕಿವಿಯಲ್ಲಿತ್ತು.

ಇಂಥ ಲಿಪಿ ನನಗೆ ಹೊಸದಲ್ಲ. ನಾನು ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಶಾಲೆಗೆ ಸೇರಿದವನು. ಕನ್ನಡದಲ್ಲಿ ಹ್ರಸ್ವ, ದೀರ್ಘ ಎಲ್ಲವನ್ನೂ ಬರೆದೇ ತೋರಿಸುತ್ತೇವೆ. ನಮ್ಮ ಸಂಗೀತದ ಪುಸ್ತಕಗಳೂ ಹಾಗೆಯೇ: 'ಸ' ಎಂದರೆ ಒಂದು ಎಣಿಕೆ, 'ಸಾ' ಎಂದರೆ ಎರಡು. ಉರ್ದುವಿನಲ್ಲಿ ಹ್ರಸ್ವ ಸ್ವರಗಳಿಗೆ ಝಬರ್, ಝೇರ್, ಪೇಶ್ ಎಂಬ ಗುರುತುಗಳಿವೆ. ಆದರೆ ಪತ್ರ ಬರೆಯುವವರು ಅವನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಅಲಿಫ್, ಸೀನ್ ಎಂಬ ಎರಡೇ ಅಕ್ಷರವನ್ನು 'ಇಸ್' ಎಂದು ಓದಿದರೆ 'ಈ', 'ಉಸ್' ಎಂದು ಓದಿದರೆ 'ಆ'. ಯಾವುದೆಂದು ಹೇಳಬೇಕಾದದ್ದು ಕಿವಿ.

ಉರ್ದುವಿನಲ್ಲಿ ಏರಿಳಿತಕ್ಕೆ 'ಝೇರ್-ಓ-ಬಮ್' ಎನ್ನುತ್ತಾರೆ. ಇದು ತಂತಿವಾದ್ಯದಿಂದ ಬಂದ ಮಾತು. ಅರಬರ ಹಳೆಯ ಊದ್ ವಾದ್ಯಕ್ಕೂ ಬೇಸಿನಂತೆ ನಾಲ್ಕು ತಂತಿ. ಒಂದರಿಂದ ಮುಂದಿನದಕ್ಕೆ ಷಡ್ಜದಿಂದ ಶುದ್ಧ ಮಧ್ಯಮಕ್ಕಿರುವಷ್ಟು ಅಂತರ. ಬೇಸಿನ ಶ್ರುತಿಯೂ ಹೀಗೆಯೇ. ಊದ್‌ನ ದಪ್ಪ ತಂತಿ ಬಮ್, ಸಪೂರ ತಂತಿ ಝೇರ್. ಈ ಅಲ್-ಊದ್ ಯುರೋಪಿಗೆ ಹೋಗಿ ಲ್ಯೂಟ್ ಆಯಿತು. ಲ್ಯೂಟ್ ನುಡಿಸುವವರು ಐನೂರು ವರ್ಷಗಳ ಹಿಂದೆಯೇ ಟ್ಯಾಬ್ ಬರೆಯುತ್ತಿದ್ದರು, ಮೇಲೆ ಕಾಲದ ಗುರುತುಗಳನ್ನೂ ಹಾಕಿ.

ಅದಕ್ಕೂ ಮೊದಲು, ಹತ್ತನೆಯ ಶತಮಾನದಲ್ಲಿ, ಅಬುಲ್ ಫರಜ್ ಇಸ್ಫಹಾನಿ 'ಕಿತಾಬುಲ್ ಅಗಾನಿ' ಎಂಬ ಹಾಡುಗಳ ಮಹಾಗ್ರಂಥ ಬರೆದ. ಹಾಡುಗಳ ಜೊತೆ ಅವುಗಳ ತಾಳ ಯಾವುದು, ಹಾದಿ ಮಧ್ಯಬೆರಳಿನದೋ ಉಂಗುರಬೆರಳಿನದೋ ಎಂದು ಗುರುತಿಸಿಟ್ಟ. ಹಾಡು ಬಲ್ಲವರಿಗೆ ಅಷ್ಟು ಸಾಕಾಗಿತ್ತು. ಇಂದು ಕವಿತೆಗಳು ಉಳಿದಿವೆ, ಬೆರಳಿನ ಹೆಸರುಗಳೂ ಉಳಿದಿವೆ. ಆ ಧಾಟಿಯಲ್ಲಿ ಹಾಡಬಲ್ಲವರು ಯಾರೂ ಇಲ್ಲ. ಕೇಳಿದವರ ಸರಪಳಿ ನಡುವೆ ಎಲ್ಲೋ ಕಡಿದುಹೋಯಿತು. 1294ರಲ್ಲಿ ತೀರಿಕೊಂಡ ಸಫಿಯುದ್ದೀನ್ ಉರ್ಮವಿ ಸ್ವರಕ್ಕೆ ಅಕ್ಷರ, ಕಾಲಕ್ಕೆ ಅಂಕಿ ಕೊಟ್ಟು ಕೆಲವು ಹಾಡುಗಳ ತುಣುಕುಗಳನ್ನು ಬರೆದಿಟ್ಟ. ಅವನ್ನು ಇಂದೂ ನುಡಿಸಲು ಸಾಧ್ಯ.

ಇದನ್ನು ಓದಿದಾಗ ನನಗೆ ನೆನಪಾದದ್ದು ಬೀರುವಿನಲ್ಲಿದ್ದ ಅಬ್ಬಾಜಾನರ ಪತ್ರಗಳು. ಅವರು ಕಳಸದ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಮಳೆಗಾಲದಲ್ಲಿ ಮನೆಗೆ ಬರಲಾಗದಿದ್ದಾಗ ಅಮ್ಮಿಗೆ ಉರ್ದುವಿನಲ್ಲಿ ಬರೆಯುತ್ತಿದ್ದರು. ಅವರಿಬ್ಬರೂ ಈಗ ಇಲ್ಲ. ಮಗಳು ಉರ್ದು ಅಕ್ಷರಗಳನ್ನು ಬಲ್ಲಳು, ಆದರೆ ಓದಿದ್ದು ಕನ್ನಡ ಮತ್ತು ಇಂಗ್ಲಿಷಿನಲ್ಲಿ. ನಾನು ಟ್ಯಾಬ್ ಓದಿದಂತೆ ಅವಳು ಆ ಪತ್ರಗಳನ್ನು ಒಂದೊಂದೇ ಅಕ್ಷರ ಹಿಡಿದು ಓದುತ್ತಾಳೆ. ಒಂದು ಪತ್ರದಲ್ಲಿ ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿಯಿದೆ. ಕೂಲಿಯ ಹಣ ತಮ್ಮ ಕೈಯಲ್ಲಿದೆ, ಆಳುಗಳು ಮಾತ್ರ ಅಲಿಫ್-ಸೀನ್ ಪಾರ್ ಉಳಿದಿದ್ದಾರೆ ಎಂದಿದ್ದಾರೆ. ಮಗಳು 'ಇಸ್ ಪಾರ್' ಎಂದು ಓದಿದಳು. ಹಾಗೆ ಓದಿದರೆ ಆಳುಗಳು ಅವರ ಪಕ್ಕದಲ್ಲೇ ಇದ್ದಾರೆ, ಚಿಂತೆಗೆ ಕಾರಣವೇ ಇಲ್ಲ. ನಾನು ಓದಿದ್ದು 'ಉಸ್ ಪಾರ್'. ವಾರದ ಸಂತೆಯ ಹೊತ್ತಿಗೆ ಆ ದಡದ ಮನೆಗಳಿಗೆ ಕಾಸು ಮುಟ್ಟಿಸಲಾಗಲಿಲ್ಲವಲ್ಲ ಎಂಬ ಅವರ ಸಂಕಟವನ್ನು ಅವರ ಬಾಯಿಯಿಂದಲೇ ಎಷ್ಟೋ ಸಲ ಕೇಳಿದ್ದೆ.

ಈಗ ಕರೆಂಟ್ ಹೋದ ರಾತ್ರಿಗಳಲ್ಲಿ ನಮ್ಮ ಪಾಠ ಅದಲುಬದಲಾಗುತ್ತದೆ. ನಾನು ಪತ್ರವನ್ನು ಗಟ್ಟಿಯಾಗಿ ಓದುತ್ತೇನೆ. ಅವಳು ಜೆರಾಕ್ಸ್ ಪ್ರತಿಯ ಮೇಲೆ ಪೆನ್ಸಿಲಿನಲ್ಲಿ ಝೇರ್, ಪೇಶ್ ಹಾಕುತ್ತಾಳೆ. ಅಬ್ಬಾಜಾನ್ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿ ಅಲ್ಲೊಂದು ಗೆರೆ ಎಳೆಯುತ್ತಾಳೆ. ಹನ್ನೊಂದು ಪತ್ರ ಮುಗಿದಿವೆ. ಒಂದರಲ್ಲಿ ಮಾತ್ರ ಮೂರಕ್ಷರದ ಒಂದು ಪದ ನನಗೂ ದಕ್ಕಲಿಲ್ಲ. ಯಾವುದೋ ಊಟದ ಹೆಸರಿರಬೇಕು, ನಾನು ಕೇಳಿದ್ದಲ್ಲ. ಕಳಸದಲ್ಲಿ ಅಬ್ಬಾಜಾನರ ತಂಗಿ, ಎಂಬತ್ತು ದಾಟಿದ ಫುಪ್ಪು ಇದ್ದಾರೆ. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಮಳೆ ಸ್ವಲ್ಪ ಹೊಳವಾದ ಕೂಡಲೇ ಇಬ್ಬರೂ ಹೋಗಿ ಪತ್ರವನ್ನು ಅವರಿಗೆ ಓದಿ ಹೇಳಿ, ಆ ಪದ ಯಾವುದೆಂದು ಕೇಳಿಕೊಂಡು ಬರಬೇಕು.