ಹತ್ತಾ ಬೆಟ್ಟದಲ್ಲಿ ಮತ್ತೆ ಸೈಕಲ್

ದುಬೈ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಮುಗಿಲು ಮುಟ್ಟುವ ಕಟ್ಟಡ, ಚಿನ್ನದಂಗಡಿ, ಕಣ್ಣು ಕೋರೈಸುವ ಮಾಲ್. ಮಗನ ಮನೆಗೋ ಅಳಿಯನ ಮನೆಗೋ ವಿಸಿಟ್ ವೀಸಾದಲ್ಲಿ ಹೋಗಿ ಬರುವ ನಮ್ಮ ಕರಾವಳಿಯ ತಾಯಂದಿರು ಊರಿಗೆ ಮರಳಿ ವರ್ಣಿಸುವುದೂ ಇವನ್ನೇ. ಅಲ್ಲೊಂದು ಬೆಟ್ಟದೂರಿದೆ, ಅಲ್ಲಿನ ಕಲ್ಲುಹಾದಿಯಲ್ಲಿ ಜನ ಸೈಕಲ್ ತುಳಿಯುತ್ತಾರೆ ಎಂದರೆ, "ಮರಳುಗಾಡಿನಲ್ಲಿ ಬೆಟ್ಟವೇ?" ಎಂದು ಕೇಳುವವರೇ ಹೆಚ್ಚು.

ಆ ಊರಿನ ಹೆಸರು ಹತ್ತಾ. ದುಬೈ ಎಮಿರೇಟಿಗೆ ಸೇರಿದ್ದರೂ ಅದರಿಂದ ಬೇರ್ಪಟ್ಟು, ನಗರದಿಂದ ಸುಮಾರು 130 ಕಿ.ಮೀ. ದೂರದಲ್ಲಿ, ಒಮಾನ್ ಗಡಿಯ ಪಕ್ಕದ ಹಜರ್ ಪರ್ವತಗಳ ನಡುವೆ ಇದೆ. ಹಜರ್ ಎಂದರೆ ಅರಬಿಯಲ್ಲಿ ಕಲ್ಲು. ಹೆಸರಿಗೆ ತಕ್ಕ ಹಾಗೆ ಎಲ್ಲವೂ ಕಲ್ಲೇ. ಚಾರ್ಮಾಡಿಯ ಹಸಿರು ಕಂಡ ಕಣ್ಣಿಗೆ ಮೊದಲು ನಿರಾಸೆಯಾದೀತು. ಆದರೆ ಅಸರ್ ಕಳೆದು ಬಿಸಿಲು ಇಳಿಯುವಾಗ ಆ ಬೋಳು ಬೆಟ್ಟಗಳು ಕಂದು, ನಸುಗೆಂಪು, ನೇರಳೆ ಎಂದು ಬಣ್ಣ ಬದಲಿಸುವುದನ್ನು ನೋಡಬೇಕು!

ಇಲ್ಲಿ ಬೆಟ್ಟದ ಮೈಮೇಲೆ ಸೈಕಲ್‌ಗೆಂದೇ ಕಿರಿದಾದ ಹಾದಿಗಳನ್ನು ಮಾಡಿದ್ದಾರೆ. ಹಸಿರು ಗುರುತಿನದು ಸುಲಭ, ನೀಲಿ ಸ್ವಲ್ಪ ಕಷ್ಟ, ಕೆಂಪು ಪಳಗಿದವರಿಗೆ, ಕಪ್ಪು ಗುರುತಿನದು ಗಟ್ಟಿ ಗುಂಡಿಗೆಯವರಿಗೆ. ಚಳಿಗಾಲದಲ್ಲಿ ಸೈಕಲ್, ಹೆಲ್ಮೆಟ್ ಬಾಡಿಗೆಗೆ ಸಿಗುತ್ತವೆ. ರಾಸ್ ಅಲ್ ಖೈಮಾದ ಶೌಕಾದಲ್ಲೂ ಇಂಥ ಹಾದಿಗಳಿವೆ. ಈ ಆಟ ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರು ಹಳೆಯ ದಪ್ಪ ಟಯರಿನ ಸೈಕಲ್‌ಗಳಲ್ಲಿ ಬೆಟ್ಟ ಇಳಿಯತೊಡಗಿದರು. ಇಳಿಜಾರಿನಲ್ಲಿ ಬ್ರೇಕ್ ಕಾದು ಅದರೊಳಗಿನ ಗ್ರೀಸೇ ಉರಿದು ಹೋಗುತ್ತಿತ್ತು, ಪ್ರತಿ ಸಲ ಹೊಸದಾಗಿ ತುಂಬಬೇಕಿತ್ತು. 1996ರಲ್ಲಿ ಅದು ಒಲಿಂಪಿಕ್ಸ್‌ಗೂ ಸೇರಿತು.

ಇದೆಲ್ಲ ನಿಮಗೇಕೆ ಎನ್ನುತ್ತೀರಾ? ನೆನಪಿಸಿಕೊಳ್ಳಿ. 2006-07ರಿಂದ ಹಲವು ವರ್ಷ ನಮ್ಮ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತ್ತು. ಆ ಸೈಕಲ್ ಏರಿ ಶಾಲೆಗೆ ಹೋದವರಲ್ಲಿ ನೀವೂ ಇದ್ದಿರಬಹುದು. ಹತ್ತನೇ ತರಗತಿ ಮುಗಿಯುತ್ತಲೇ ಅದು ತಮ್ಮನ ಪಾಲಾಯಿತು, ಇಲ್ಲವೇ ಕೊಟ್ಟಿಗೆಯ ಗೋಡೆಗೆ ಒರಗಿ ತುಕ್ಕು ಹಿಡಿಯಿತು. "ದೊಡ್ಡವಳಾದೆ, ಇನ್ನೇಕೆ ಸೈಕಲ್?" ಎಂದರು, ನೀವೂ ಸುಮ್ಮನಾದಿರಿ. ಮದುವೆಯಾಯಿತು, ಗಲ್ಫ್ ಸೇರಿದಿರಿ. ಈಗ ಎಸಿ ಫ್ಲಾಟ್, ಅಡುಗೆಮನೆ, ಮಕ್ಕಳ ಶಾಲೆ. ವರ್ಷವಿಡೀ ಬಿಸಿಲು ಸುಡುವ ನಾಡಿನಲ್ಲಿದ್ದೂ ಗಲ್ಫಿನ ಮಹಿಳೆಯರಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ ಎಂದು ವೈದ್ಯರು ಹೇಳುತ್ತಲೇ ಇದ್ದಾರೆ.

ನಮ್ಮಲ್ಲಿ ಇನ್ನೂ ಕೆಲವರಿಗೆ ಹೆಣ್ಣು ಓಡುವುದು, ಆಡುವುದು ಧರ್ಮಕ್ಕೆ ಹೊಂದದ ಮಾತು. ಪ್ರವಾದಿ(ಸ)ರವರು ಒಂದು ಪ್ರಯಾಣದಲ್ಲಿ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಮಾಡಿದ್ದರು, ಆಗ ಗೆದ್ದದ್ದು ಆಯಿಶಾ(ರ). ಕೆಲಕಾಲದ ಮೇಲೆ ಅವರು ಮೈತುಂಬಿಕೊಂಡಿದ್ದಾಗ ಮತ್ತೆ ಓಡಿ ಪ್ರವಾದಿ(ಸ) ಗೆದ್ದರು, ಇದು ಅಂದಿನದಕ್ಕೆ ಪ್ರತಿಯಾಗಿ ಎಂದು ನಗೆಯಾಡಿದರು. ಅಬೂದಾವೂದ್‌ನಲ್ಲಿರುವ ಈ ಹದೀಸನ್ನು ನಮ್ಮ ಗಂಡಸರಿಗೆ ಯಾರಾದರೂ ಆಗಾಗ ನೆನಪಿಸುತ್ತಿರಬೇಕು.

ಉಡುಪಿನ ಚಿಂತೆ ಬೇಡ. ಸಡಿಲವಾದ ಉದ್ದ ಟಾಪ್, ಪ್ಯಾಂಟ್ ಸಾಕು. ಸೈಕಲ್‌ನ ಚೈನ್ ಬಲಬದಿಗಿರುತ್ತದೆ, ಆದ್ದರಿಂದ ಬಲಗಾಲಿನ ಪ್ಯಾಂಟಿನ ತುದಿಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ. ತೆಳು ಸ್ಕಾರ್ಫನ್ನು ಪಿನ್ ಇಲ್ಲದೆ ಸುತ್ತಿ ಮೇಲೆ ಹೆಲ್ಮೆಟ್ ಧರಿಸಿ. ಹೆಲ್ಮೆಟ್ ಅಡಿಯಲ್ಲಿ ಪಿನ್ ಚುಚ್ಚಿದರೆ ಅದರ ಕಷ್ಟ ಗೊತ್ತಾಗುತ್ತದೆ.

ಮೊದಲ ದಿನ ಹಸಿರು ಹಾದಿ ಬಿಟ್ಟು ಕದಲಬೇಡಿ. ಏರು ಬರುವ ಮೊದಲೇ ಹಗುರ ಗೇರಿಗೆ ಬದಲಿಸಿ. ಇಳಿಯುವಾಗ ಸೀಟಿನಿಂದ ಸ್ವಲ್ಪ ಎದ್ದು, ಎರಡೂ ಪೆಡಲ್ ಸಮನಾಗಿಟ್ಟು, ಮೊಣಕಾಲು ಮಡಚಿ ಮೈಯನ್ನು ಹಿಂದಕ್ಕೆ ಸರಿಸಿ. ಮುಂದಿನ ಬ್ರೇಕೊಂದನ್ನೇ ಗಟ್ಟಿ ಹಿಡಿದರೆ ಸೈಕಲ್ ನಿಮ್ಮನ್ನು ಮುಂದಕ್ಕೆ ಎತ್ತಿ ಎಸೆಯುತ್ತದೆ. ಎರಡನ್ನೂ ಮೆಲ್ಲಗೆ ಒತ್ತಿ. ಹೆದರಿ ಕಲ್ಲನ್ನೇ ನೋಡುತ್ತಿದ್ದರೆ ಚಕ್ರ ಆ ಕಲ್ಲಿಗೇ ಹೋಗುತ್ತದೆ, ದೃಷ್ಟಿ ಮುಂದಿನ ದಾರಿಯಲ್ಲಿರಲಿ. ಎದುರಿನಿಂದ ಏರಿ ಬರುವವರಿಗೂ ನಡೆದು ಹೋಗುವವರಿಗೂ ದಾರಿ ಬಿಡಿ.

ಎರಡು ಎಚ್ಚರಿಕೆ. ಬೇಸಿಗೆಯಲ್ಲಿ ಅಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ, ಅದೂ ಫಜ್ರ್ ಮುಗಿಸಿ ಹೊರಡುವುದು ಒಳ್ಳೆಯದು. ನೀರು ಬೇಕೆನಿಸಿದ್ದಕ್ಕಿಂತ ಹೆಚ್ಚೇ ಇರಲಿ. ಮೋಡ ಕವಿದರೆ 'ವಾದಿ'ಗಳ ಬಳಿ ನಿಲ್ಲಬೇಡಿ. ಒಣಗಿ ಬಿದ್ದಿರುವ ಈ ಹಳ್ಳಗಳು ದೂರದ ಬೆಟ್ಟದಲ್ಲಿ ಮಳೆ ಸುರಿದರೂ ನಿಮಿಷಗಳಲ್ಲಿ ಉಕ್ಕುತ್ತವೆ. 2024ರ ಏಪ್ರಿಲ್ 16ರಂದು ಯುಎಇಯಲ್ಲಿ 75 ವರ್ಷಗಳಲ್ಲೇ ದೊಡ್ಡ ಮಳೆ ಸುರಿಯಿತು, ಅಲ್ ಐನ್ ಬಳಿ ಒಂದೇ ದಿನದೊಳಗೆ 254 ಮಿ.ಮೀ. ದಾಟಿತ್ತು. ಮಳೆಯ ಹೊತ್ತು ವಾದಿಯ ಬಳಿ ಸೇರಿದರೆ ಅಲ್ಲಿ ದಂಡವೂ ಇದೆ. ಇನ್ನು ಕಾರಿನ ವಿಷಯ: ಹತ್ತಾಕ್ಕೆ ಹೋಗುವ ಹಳೆಯ ರಸ್ತೆ ಒಮಾನಿನ ತುಂಡೊಂದನ್ನು ಹಾದುಹೋಗುತ್ತದೆ. ಪೂರ್ತಿ ಯುಎಇ ಒಳಗೇ ಸಾಗುವ ದಾರಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಸವಾರಿ ಮುಗಿದ ಮೇಲೆ ಹಳೆಯ ಹಳ್ಳಿಗೆ ಹೋಗಿ. ಅಲ್ಲಿನ ಜುಮಾ ಮಸೀದಿ 1780ರದು, ಹತ್ತಾದ ಅತ್ಯಂತ ಹಳೆಯ ಕಟ್ಟಡ. ಪಕ್ಕದಲ್ಲಿ 1896ರ ಕೋಟೆ, ಗುಡ್ಡದ ಮೇಲೆ ಕಾವಲು ಬುರುಜು, ಕೆಳಗೆ ಖರ್ಜೂರದ ತೋಟಗಳಿಗೆ ನೀರು ಹರಿಸುತ್ತಿದ್ದ ಫಲಜ್ ಕಾಲುವೆ. ಮಕ್ಕಳು ಅಣೆಕಟ್ಟಿನ ಹಸಿರು ನೀರಿನಲ್ಲಿ ದೋಣಿ ನಡೆಸಬೇಕೆಂದು ಹಟ ಹಿಡಿಯುತ್ತಾರೆ, ಅದಕ್ಕೂ ಸಮಯ ಇಟ್ಟುಕೊಳ್ಳಿ. ಬುತ್ತಿಯನ್ನು ಹಿಂದಿನ ರಾತ್ರಿಯೇ ಕಟ್ಟಿ, ಫ್ಲಾಸ್ಕ್ ಹೊರುವ ಕೆಲಸ ಯಜಮಾನರಿಗಿರಲಿ. ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ನೋಯುತ್ತದೆ, ಎರಡು ದಿನ ಆ ನೋವು ಇರುತ್ತದೆ.